ಬಲಕ್ಕೆ ವಾಲುವ ಗಾಡಿ

ಬಿಸಿ ಎಂಜಿನ್ನಿನ ಮೇಲೆ ಒಂದು ಹನಿ ಎಣ್ಣೆ ಬಿದ್ದು ಸುಟ್ಟಾಗ ಏಳುವ ವಾಸನೆ... ಚಿಕ್ಕಂದಿನಲ್ಲಿ ಅವಳಿಗೆ ಅದೇ ಅಪ್ಪನ ವಾಸನೆ. ಸಂಜೆ ಅಪ್ಪ ಎತ್ತಿಕೊಂಡಾಗ ಅವರ ಅಂಗಿಯಲ್ಲಿ ಮೂಗು ಹುದುಗಿಸಿ, "ಇವತ್ತು ಯಾವ ಗಾಡಿ?" ಎಂದು ಕೇಳುತ್ತಿದ್ದಳು.

ಆ ವಾಸನೆಯ ಜೊತೆಗೇ ಅವನು ಗ್ಯಾರೇಜಿನೊಳಗೆ ಬಂದ.

ಗಾಡಿ ಇಟಲಿಯದು. ದೂರದ ದಾರಿಗೆಂದೇ ಮಾಡಿದ ಸ್ಪೋರ್ಟ್ ಟೂರಿಂಗ್ ಬೈಕು. ಎರಡು ಸಿಲಿಂಡರುಗಳನ್ನು ಎರಡೂ ಪಕ್ಕಕ್ಕೆ ಚಾಚಿ, ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತವಳಂತೆ ನಿಂತಿತು.

ಅವನು ಹೆಲ್ಮೆಟ್ ತೆಗೆದ. ಅವಳ ಕೈಯ ಸ್ಪ್ಯಾನರ್ ಅಲ್ಲೇ ನಿಂತಿತು.

ಅದೇ ಮುಖ! ಪತ್ರಿಕೆಯ ಲೇಖನದ ಪಕ್ಕ ಅಂಚೆಚೀಟಿಯಷ್ಟು ಚಿಕ್ಕದಾಗಿ ಅಚ್ಚಾಗಿದ್ದ ಮುಖ!

"ಮೇಷ್ಟ್ರು ಇದ್ದಾರಾ?" ಎಂದ.

"ಇಲ್ಲ. ಏನಾಗಿದೆ ಗಾಡಿಗೆ?"

"ಅದು... ಕನ್ನಡಿ ಸ್ವಲ್ಪ ಸಡಿಲ ಇದೆ."

ಕನ್ನಡಿಯಂತೆ! 'ಬಾ ಮಹರಾಯ, ನಿನಗಾಗೇ ಕಾಯ್ತಿದ್ದೆ' ಎಂದುಕೊಂಡಳು.

ಎರಡು ವರ್ಷದ ಹಿಂದಿನ ಮಾತು. ಇಂಥದೇ ಒಂದು ಗಾಡಿಯ ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕೂರಿಸಿದ್ದರು ಅಪ್ಪ. ಗಿರಾಕಿಗಳಿಗೆಲ್ಲ ಎಂಜಿನ್ ಪಾಠ ಮಾಡುತ್ತಿದ್ದುದರಿಂದ ಅವರು ಎಲ್ಲರ ಬಾಯಲ್ಲೂ ಮೇಷ್ಟ್ರು. ಆ ಗಾಡಿಯ ಮಾಲೀಕ ಈ ಪತ್ರಕರ್ತನ ಗೆಳೆಯ. ಇವನು ಒಂದು ಸಂಜೆ ಓಡಿಸಿ ನೋಡಿ ಬರೆದ: 'ದುಬಾರಿ ಗಾಡಿ, ಅಗ್ಗದ ಕೈ. ನಿಂತಲ್ಲೇ ಎಕ್ಸಲರೇಟರ್ ತಿರುವಿದರೆ ಗಾಡಿ ಬಲಕ್ಕೆ ವಾಲುತ್ತದೆ. ಎಂಜಿನ್ ನೆಟ್ಟಗೆ ಕೂರಿಸಲೂ ಬಾರದವರು ಮೇಷ್ಟ್ರಂತೆ!'

ತಿಂಗಳೊಳಗೆ ಗ್ಯಾರೇಜು ಖಾಲಿಯಾಯಿತು.

"ಒಳಗೆ ತಿರುಗೋ ರಭಸಕ್ಕೆ ವಾಲೋದು ಆ ಎಂಜಿನ್ ಗುಣ ಅಂತ ಹೋಗಿ ಹೇಳಪ್ಪ!" ಎಂದು ಅವಳು ಅತ್ತಿದ್ದಳು.

"ಗೊತ್ತಿಲ್ಲ ಅಂದವರಿಗೆ ಹೇಳಬಹುದು ಮಗಳೇ. ಎಲ್ಲಾ ಗೊತ್ತು ಅಂತ ಅಚ್ಚು ಹಾಕಿಸಿದವರಿಗೆ ಏನು ಹೇಳ್ಲಿ?"

ಅವತ್ತು ಸ್ಪ್ಯಾನರ್ ಕೆಳಗಿಟ್ಟ ಅಪ್ಪ ಮತ್ತೆ ಮುಟ್ಟಿರಲಿಲ್ಲ. ಗ್ಯಾರೇಜಿನ ಹಿಂದಿನ ಮನೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತುಬಿಟ್ಟಿದ್ದರು. ಬಂದಷ್ಟು ಗಾಡಿಗಳನ್ನು ಅವಳೇ ನೋಡಿಕೊಳ್ಳುತ್ತಿದ್ದಳು.

ಈಗ ಅವನನ್ನು ಮೂರು ಗಂಟೆ ಕಾಲ ಬಿಸಿಲಲ್ಲಿ ಕೂರಿಸಿದಳು. ಕನ್ನಡಿ ಬಿಗಿ ಮಾಡಿದಳು, ಎರಡೂ ಕನ್ನಡಿಗಳಲ್ಲಿ ಆಕಾಶ ಮಾತ್ರ ಕಾಣುವಂತೆ!

ವಾರ ಕಳೆದು ಮತ್ತೆ ಬಂದ. ದೀಪ ಮಂಕಂತೆ. ಈ ಸಲ ಮುಂದಿನ ಚಕ್ರದ ಬಳಿ ಕೂತಾಗ ಅವಳ ಮನಸ್ಸು ಕೆಟ್ಟದ್ದನ್ನೇ ಯೋಚಿಸಿತು. ಬ್ರೇಕಿನ ಒಂದೇ ಒಂದು ಬೋಲ್ಟ್ ಸಡಿಲ ಬಿಟ್ಟರೆ...

ಕೈ ಕೇಳಲಿಲ್ಲ. ಎರಡೆರಡು ಸಲ ಬಿಗಿ ಮಾಡಿತು. ಅಪ್ಪ ಕಲಿಸಿದ ಕೈ ಅದು.

ತಲೆಯೆತ್ತಿದರೆ, ಅವನು ಅವಳ ಕೈಗೆ ಬೆಳಕು ಬೀಳುವಂತೆ ಟಾರ್ಚ್ ಹಿಡಿದು ನಿಂತಿದ್ದ. ಯಾರೂ ಹೇಳಿರಲಿಲ್ಲ. 'ಇವನು ಒಳ್ಳೆಯವನಾಗೋದು ಬೇಡ ದೇವರೇ!' ಎಂದು ಹಲ್ಲು ಕಚ್ಚಿದಳು.

ಮೂರನೆಯ ಸಲ ಬಂದಾಗ ಕೀ ಕಿತ್ತುಕೊಂಡಳು. "ಓಡಿಸಿ ನೋಡ್ಬೇಕು. ಹಿಂದೆ ಕೂತ್ಕೊಳ್ಳಿ."

ಹೆದರಿಸಬೇಕು. ಕೂಗಿ ಬೇಡಿಕೊಳ್ಳಬೇಕು ಇವನು!

ಊರೊಳಗೆ ಗಾಡಿ ಗೊಣಗಿತು, ನಡುಗಿತು. ಬಯಲಿನ ರಸ್ತೆ ಸಿಕ್ಕಿತೋ ಇಲ್ಲವೋ, ನಡುಕವೆಲ್ಲ ನಿಂತು ತಗ್ಗಿದ ದನಿಯಲ್ಲಿ ಒಂದೇ ರಾಗ ಹಿಡಿಯಿತು. ಗುಡ್ಡದ ತಿರುವುಗಳು ಬಂದವು. ಸಿಟ್ಟಿನಿಂದ ಬಗ್ಗಿಸಲು ಹೋದರೆ ಗಾಡಿ ಬಗ್ಗಲೇ ಇಲ್ಲ, ಹಟ ಹಿಡಿಯಿತು. ತೋಳು ಸಡಿಲಿಸಿ ತಿರುವಿನ ಕೊನೆಯತ್ತ ನೋಡಿದಳು... ತಾನಾಗೇ ಬಾಗಿ, ಜಾರುಬಂಡೆಯಿಂದ ಇಳಿದಷ್ಟು ಸಲೀಸಾಗಿ ಹೊರಬಂತು!

ಅಯ್ಯೋ, ಎಂಥ ಗಾಡಿ! ದಿನವಿಡೀ ಓಡಿಸಿದರೂ ಸಾಲದು. ಒಂದು ಕ್ಷಣ ಹಗೆಯೇ ಮರೆತುಹೋಯಿತು. ನೆನಪಾದೊಡನೆ ತನ್ನ ಮೇಲೇ ರೇಗಿತು.

ಗುಡ್ಡದ ತುದಿಯಲ್ಲಿ ನಿಲ್ಲಿಸಿದಳು. ನ್ಯೂಟ್ರಲ್‌ನಲ್ಲಿಟ್ಟು ಎಕ್ಸಲರೇಟರ್ ತಿರುವಿದಳು. ಗಾಡಿ ಬಲಕ್ಕೆ ವಾಲಿತು.

"ಏನಾಯ್ತು?"

"ವಾಲ್ತು," ಅವನ ದನಿ ಇಳಿದಿತ್ತು.

"ಇದರ ಎಂಜಿನ್ ಕೂರಿಸಿದ್ದು ಕಾರ್ಖಾನೆಯವರು! ಅವರದ್ದೂ ಅಗ್ಗದ ಕೈಯಾ? ಹೇಳ್ರೀ! ಬರೀರಿ ಅದನ್ನೂ!"

ಎರಡು ವರ್ಷ ನುಂಗಿದ್ದೆಲ್ಲ ಹೊರಬಂತು. ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದ.

"ಗೊತ್ತು," ಎಂದ ಕೊನೆಗೆ. "ಈ ಗಾಡಿ ಕೊಂಡ ದಿನ, ಅಂಗಡಿ ಮುಂದೇನೇ ವಾಲ್ತು. ತಪ್ಪಾಯ್ತು ಅಂತ ಹೇಳೋಕೆ ಬಂದೆ. ನಿಮ್ಮ ಮುಖ ನೋಡಿ ನಾಲಿಗೆ ಒಣಗಿ, ಕನ್ನಡಿ ಅಂದ್ಬಿಟ್ಟೆ."

"ಕನ್ನಡೀಲಿ ಆಕಾಶ ನೋಡ್ಕೊಂಡು ಹೋದ್ರಲ್ಲ, ಕೇಳ್ಲಿಲ್ಲ ಯಾಕೆ?"

"ಅಷ್ಟಕ್ಕೇ ಬಿಟ್ರಲ್ಲಾ ಅಂತ ಸುಮ್ಮನಾದೆ."

ನಗು ಬಂತು. ನುಂಗಿದಳು. "ಪತ್ರಿಕೇಲಿ ಯಾವಾಗ ಬರೀತೀರಿ?"

"ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ ತಪ್ಪೊಪ್ಪಿಗೆ ಬರುತ್ತೆ, ನಾಡಿದ್ದು. ಅದಕ್ಕೆ ಮೊದಲು ಮೇಷ್ಟ್ರೆದುರು ಬಾಯಿಬಿಟ್ಟು ಹೇಳ್ಬೇಕು."

"ಹಾಗಾದ್ರೆ ನಡೀರಿ. ಈಗಲೇ!"

ಇಬ್ಬರೂ ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂರುವ ಹೊತ್ತು. ಅವನು ಬಾಗಿಲಲ್ಲೇ ನಿಂತ.

"ಮೇಷ್ಟ್ರೇ, ನಿಮ್ಮ ಬಗ್ಗೆ ಬರೆದವನು ನಾನೇ. ಗೊತ್ತಿಲ್ಲದೆ ಬರೆದೆ. ನಿಮ್ಮ ಕೆಲಸ ಸರಿಯಾಗಿತ್ತು."

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. ಅವಳು ಮನಸ್ಸಲ್ಲೇ ಬೇಡಿದಳು: 'ಬೈದುಬಿಡಪ್ಪ... ಏನಾದರೂ ಅನ್ನು!'

"ಗಾಡಿ ಎಷ್ಟು ದೂರ ಓಡಿಸಿದ್ದೀಯ?" ಎಂದರು ಅಪ್ಪ.

"ಒಂಬತ್ತು ಸಾವಿರ ಕಿಲೋಮೀಟರ್."

"ಸುಸ್ತಾಯ್ತಾ?"

"ನನಗಾಯ್ತು. ಅದಕ್ಕಾಗ್ಲಿಲ್ಲ."

ಅಪ್ಪನ ಮೀಸೆಯ ತುದಿ ಅಲುಗಿತು. "ವಾಲ್ವ್ ಸದ್ದು ಜಾಸ್ತಿ ಇದೆ. ಗಾಡಿ ಬರುವಾಗಲೇ ಕೇಳಿಸ್ತು." ಎದ್ದು ಅಂಗಿಯ ತೋಳು ಮಡಚಿದರು. "ಮಗಳೇ, ನನ್ನ ಟೂಲ್ ಪೆಟ್ಟಿಗೆ ಕೀ ಎಲ್ಲಿ?"

ಅವಳು ಗೋಡೆಯ ಮೊಳೆಯತ್ತ ಕೈ ತೋರಿಸಿದಳು. ಅಪ್ಪ ಕೀ ತೆಗೆದುಕೊಂಡು ಗ್ಯಾರೇಜಿಗೆ ನಡೆದರು, ಊಟವನ್ನೂ ಮರೆತು.

ಇಬ್ಬರೇ ಉಳಿದರು.

"ನನ್ನ ಕೋಪ ಇನ್ನೂ ಇಳಿದಿಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತ.

"ಇಳಿಯೋವರೆಗೂ ಬರ್ತೀನಿ. ನಿಜ ಹೇಳ್ಲಾ? ಮೊದಲ ಸಲ ಬಂದಿದ್ದು ಮೇಷ್ಟ್ರಿಗೋಸ್ಕರ. ಆಮೇಲೆ ಬಂದಿದ್ದು..."

"ಆಮೇಲೆ?"

"ನಿಮಗೋಸ್ಕರ. ಬೈಸ್ಕೊಳ್ಳೋದಾದ್ರೂ ಸರಿ ಅಂತ."

"ಬೇಗ ಇಳಿಯೋ ಕೋಪ ಅಲ್ಲ ಇದು. ವರ್ಷಗಟ್ಟಲೆ ಹಿಡಿಯುತ್ತೆ."

"ನನಗೇನೂ ಅವಸರ ಇಲ್ಲ."

ಅವಳು ಒಳಗೆ ಹೋದಳು. ತನ್ನ ತಟ್ಟೆಗೆ ಬಿಸಿ ಊಟ ಬಡಿಸಿಕೊಂಡು ಬಂದಳು. ಅದನ್ನು ಅವನ ಕೈಗೆ ಕೊಟ್ಟಳು.