ಮೇಲ್ಮನೆ ಹಾಕಿದೆ

ರೈಫಲ್ಲಿನ ಬಾಯಿ ಡಾ. ಕಾತ್ಯಾಯಿನಿಯವರ ಎದೆಗೆ ನೇರವಾಗಿತ್ತು. ಹತ್ತು ಅಡಿ ದೂರದಲ್ಲಿ ಅದನ್ನು ಹಿಡಿದು ನಿಂತಿದ್ದವಳು ಜೋಡಣೆ ವಿಭಾಗದ ರತ್ನಮ್ಮ. ಒಳಗಿದ್ದದ್ದು ನಿಜವಾದ ಗುಂಡು.

“ಒತ್ತು ರತ್ನ.”

ರತ್ನಮ್ಮ ಟ್ರಿಗರ್ ಒತ್ತಿದಳು. ‘ಟಿಕ್’ ಎಂದಿತು, ಅಷ್ಟೆ. ಡಾಕ್ಟರ್ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರು. ಅದೇ ಬೆರಳು ಮತ್ತೆ ಒತ್ತಿತು. ಈ ಸಲ ಹಿಂದಿದ್ದ ಮರಳಿನ ಮೂಟೆ ಒಡೆದು ಸುರಿಯಿತು. ನೋಡಲು ಬಂದವರು ಚಪ್ಪಾಳೆ ತಟ್ಟಿದರು.

ಕೋಲಾರದ ಚಿನ್ನದ ಗಣಿ ಮುಚ್ಚಿ ಅರವತ್ತು ವರ್ಷವಾಗಿತ್ತು. ಚಿನ್ನ ತೆಗೆದು ಸುರಿದ ಪುಡಿಯ ಬೂದು ಬಣ್ಣದ ಸಯನೈಡ್ ದಿಣ್ಣೆಗಳ ಮಗ್ಗುಲಲ್ಲಿ ಈಗ ಈ ಕಾರ್ಖಾನೆ ಇತ್ತು. ಇಂದಿನಂತೆ ಆಗಲೂ ರೈಫಲ್ ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತಿತ್ತು. ಕೆಳಗಿನದರಲ್ಲಿ ಹಿಡಿ, ಟ್ರಿಗರ್. ಮೇಲಿನದರಲ್ಲಿ ನಳಿಗೆ, ಗುಂಡಿನ ಹಿಂದೆ ಬಂದು ಬೀಗದಂತೆ ಕೂರುವ ಬೋಲ್ಟು. ಇವೆರಡನ್ನೂ ಹಿಡಿದಿಡುವುದು ಎರಡೇ ಪಿನ್ನು. ಮೇಲಿನ ಭಾಗಕ್ಕೆ ಅಪ್ಪರ್ ರಿಸೀವರ್ ಎಂದು ಹೆಸರು. ಡಾಕ್ಟರ್ ಅದರ ಮುಂದುಗಡೆ ಕಡಲೆ ಬೇಳೆಯಷ್ಟು ದೊಡ್ಡ ಗಾಜಿನ ಕಣ್ಣೊಂದನ್ನು ಕೂರಿಸಿದ್ದರು. ಎದುರಿನ ಮೈಶಾಖ, ಎದೆಬಡಿತ ಗುರುತಿಸಿದೊಡನೆ ಅದು ಬೋಲ್ಟಿನೊಳಗೆ ಗುಂಡನ್ನು ಕುಟ್ಟಿ ಸಿಡಿಸುವ ಸೂಜಿಯನ್ನು ತಡೆಯುತ್ತಿತ್ತು. ತಡೆದದ್ದನ್ನೆಲ್ಲ ಎಣಿಸಿಯೂ ಇಡುತ್ತಿತ್ತು.

ಮೊದಲ ದಿನ ಅದನ್ನು ಕಂಡಾಗ ರತ್ನಮ್ಮ ನಕ್ಕಿದ್ದಳು. “ಇದು ಮೇಲ್ಮನೆ ಇದ್ದಂಗೆ ಮೇಡಂ. ಕೆಳಮನೆ ಏನೇ ಪಾಸ್ ಮಾಡ್ಲಿ, ಮೇಲ್ಮನೆ ಒಪ್ಪಬೇಕು.”

ಹೆಸರು ಅಂಟಿಕೊಂಡಿತು. ಮೊದಲು ಕಾರ್ಖಾನೆಯಲ್ಲಿ, ಆಮೇಲೆ ಕಾವಲುಗಾರರ ಬಾಯಲ್ಲಿ. ಗಾಜಿನ ಕಣ್ಣಿರುವ ಬಂದೂಕಿಗೆ ‘ಮೇಲ್ಮನೆ ಇದೆ’, ಇಲ್ಲದ್ದಕ್ಕೆ ‘ಇಲ್ಲ’.

ರತ್ನಮ್ಮನ ತಮ್ಮ ದೊರೆರಾಜು ಊರಿನ ನೀರಿನ ಟ್ಯಾಂಕಿನ ಕಾವಲಿಗಿದ್ದ. ಆ ಕಾಲಕ್ಕೆ ನೀರಿಗೂ ಬಂದೂಕಿನ ಕಾವಲು ಬೇಕಾಗಿತ್ತು. ಅವನದು ಎಡಗೈ. ಹಳೆಯ ಬಂದೂಕುಗಳಲ್ಲಿ ಗುಂಡು ಸಿಡಿದ ಮೇಲೆ ಬಿಸಿ ಖಾಲಿ ತೋಟೆ ಹಾರಿ ಎಡಚರ ಕೆನ್ನೆಗೆ ಬಡಿಯುತ್ತಿತ್ತು. ಈಗಿನದರಲ್ಲಿ ತೋಟೆ ಹೊರಬೀಳುವ ಕಿಂಡಿಯ ಹಿಂದೆ ಅದನ್ನು ಮುಂದಕ್ಕೆ ತಳ್ಳುವ ಪುಟ್ಟ ಗುಬುಟು ಇದೆ. “ಈ ಗುಬುಟು ಇಲ್ದಿದ್ರೆ ನನಗೆ ಕೆಲಸವೇ ಇರ್ತಿರ್ಲಿಲ್ಲ ಅಕ್ಕಾ” ಎನ್ನುತ್ತಿದ್ದ.

ಒಂದು ದಿನ ಅವನಿಗೆ ಊಟ ಕೊಡಲು ಹೋದಾಗ ರತ್ನಮ್ಮ ಒಂದು ಆಟ ಕಂಡಳು. ಪಂಪು ನಡೆಸುವ ಅಮೀರ್ ಜಾನ್ ಬರುತ್ತಿದ್ದ. ದೊರೆರಾಜು ಅವನತ್ತ ಗುರಿಯಿಟ್ಟು ಟ್ರಿಗರ್ ಒತ್ತಿದ. ಟಿಕ್.

“ಅಯ್ಯೋ ಸತ್ತೆ ಕಣೋ!” ಅಮೀರ್ ಎದೆ ಹಿಡಿದು ವಾಲಿದ. ಇಬ್ಬರೂ ಬಿದ್ದು ಬಿದ್ದು ನಕ್ಕರು.

“ಥೂ, ಅದೇನಾಟ!”

“ಮೇಲ್ಮನೆ ಇದೆಯಲ್ಲಕ್ಕಾ, ಹೆಸರಿಟ್ಟೋಳಿಗೇ ಭಯಾನಾ? ದಿನಾ ಇವನನ್ನ ನಾಲ್ಕು ಸಲ ಸಾಯಿಸ್ತೀನಿ, ನೋಡು ಹೆಂಗೆ ಕೊಬ್ಬಿದಾನೆ.”

ಮಾರನೆಯ ದಿನ ರತ್ನಮ್ಮ ಡಾಕ್ಟರ ಮೇಜಿನ ಮುಂದೆ ನಿಂತಳು. “ಪಿನ್ನಿನ ತೂತು ಒಂಚೂರು ಜರುಗಿಸಿ ಮೇಡಂ. ಕಣ್ಣಿಲ್ಲದ ಹಳೇ ಭಾಗ ನಮ್ಮ ಕೆಳಮನೆ ಮೇಲೆ ಕೂರಬಾರದು.”

“ಯಾರ ಭಾಗ ಯಾರದಕ್ಕೆ ಬೇಕಾದರೂ ಕೂರಬೇಕು ಅನ್ನೋದೇ ಈ ವಿನ್ಯಾಸದ ಜೀವ ರತ್ನ. ಜರುಗಿಸಿದರೆ ಯಾವ ಸೈನ್ಯವೂ ತಗೊಳ್ಳಲ್ಲ.” ಅವರು ಪರದೆಯನ್ನು ಅವಳತ್ತ ತಿರುಗಿಸಿದರು. “ಇಲ್ಲಿ ನೋಡು, ನಿಮ್ಮ ಟ್ಯಾಂಕಿನ ಒಂದೇ ಬಂದೂಕು ಎಂಟು ತಿಂಗಳಲ್ಲಿ ಒಂಬೈನೂರು ಸಲ ತಡೆದಿದೆ. ಒಂಬೈನೂರು ಜೀವ.”

ಆ ಒಂಬೈನೂರೂ ಅಮೀರ್ ಜಾನನೇ ಎಂದು ಹೇಳಲು ರತ್ನಮ್ಮನಿಗೆ ಬಾಯಿ ಬರಲಿಲ್ಲ. ಹೇಳಿದರೆ ತಮ್ಮನ ಕೆಲಸ ಹೋಗುತ್ತಿತ್ತು.

ಶ್ರಾವಣದಲ್ಲಿ ಗಾಜಿನ ಕಣ್ಣುಗಳ ಮೇಲೆ ದಿಣ್ಣೆಯ ಧೂಳು ಕೂತು, ಟ್ಯಾಂಕಿನ ಬಂದೂಕುಗಳ ಮೇಲಿನ ಭಾಗ ದುರಸ್ತಿಗೆ ಹೋಯಿತು. ಉಗ್ರಾಣಕ್ಕೆ ಆ ವಾರವಷ್ಟೇ ಬೇರೆ ಊರಿನಿಂದ ಬಂದಿದ್ದ ಗುಮಾಸ್ತ ಬದಲಿಗೆ ಕಣ್ಣಿಲ್ಲದ ಹಳೆಯ ಭಾಗಗಳನ್ನು ಕೂರಿಸಿದ. ಅಪ್ಪರ್ ರಿಸೀವರಿಗೆ ಇಲ್ಲಿ ಏನನ್ನುತ್ತಾರೆ ಎಂದು ಯಾರನ್ನೋ ಕೇಳಿ, ಪ್ರತಿ ಬಂದೂಕಿಗೂ ಒಂದೊಂದು ಚೀಟಿ ಕಟ್ಟಿದ: ‘ಮೇಲ್ಮನೆ ಹಾಕಿದೆ.’

ದೊರೆರಾಜು ಚೀಟಿ ಓದಿದ. ಕಣ್ಣಿರಬೇಕಾದ ಜಾಗದ ಮುಂದೆ ಟಾರ್ಚು ಸಿಕ್ಕಿಸಿತ್ತು. ಅವನು ಸರಿಸಿ ನೋಡಲಿಲ್ಲ. ಬೆಳಗಿನ ಹತ್ತು ಗಂಟೆಗೆ ಅಮೀರ್ ಎರಡು ಲೋಟ ಚಹಾ ಹಿಡಿದು ಬರುತ್ತಿದ್ದ. ದೂರದಿಂದಲೇ ಬಂದೂಕು ಏಳುವುದನ್ನು ಕಂಡು, ಒತ್ತುವುದಕ್ಕೆ ಮುಂಚೆಯೇ, “ಸತ್ತೆ ಕಣೋ” ಎಂದ.

ವಿಚಾರಣೆಯ ವರದಿ ಒಂದೇ ಪುಟ. ತಡೆಯುವ ಉಪಕರಣದಲ್ಲಿ ದೋಷವಿಲ್ಲ. ಅದು ನಿಜವೇ, ಉಪಕರಣ ದುರಸ್ತಿಯ ಪೆಟ್ಟಿಗೆಯಲ್ಲಿತ್ತು.

ಜೈಲಿನ ಜಾಲರಿಯಾಚೆ ದೊರೆರಾಜು ತನ್ನ ಎಡಗೈಯನ್ನೇ ನೋಡುತ್ತಿದ್ದ. “ನಾನು ಹೊಡೀಲಿಲ್ಲಕ್ಕಾ. ಒತ್ತಿದೆ ಅಷ್ಟೆ” ಎಂದ. ಆ ಎರಡೂ ಬೇರೆ ಎಂದು ಅವನಿನ್ನೂ ನಂಬಿದ್ದ. ಆ ಚೀಟಿಯ ‘ಮೇಲ್ಮನೆ’ ಎಂಬ ಮಾತು ರತ್ನಮ್ಮನದೇ.

ತಿಂಗಳ ಮೇಲೆ ಮತ್ತೊಂದು ತಂಡ ನೋಡಲು ಬಂತು. ಡಾ. ಕಾತ್ಯಾಯಿನಿ ಎಂದಿನ ಜಾಗದಲ್ಲಿ ನಿಂತರು. ರತ್ನಮ್ಮ ಪಿನ್ನು ತಳ್ಳಿ ಬಂದೂಕನ್ನು ಬಿಚ್ಚಿದಳು. ಗಾಜಿನ ಕಣ್ಣನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಜೋಡಿಸಿದಳು. ಗುರಿಯಿಟ್ಟಳು.

“ಒತ್ತು ರತ್ನ.”

ಬೆರಳು ಟ್ರಿಗರಿನ ಹೊರಗೇ ನಿಂತಿತ್ತು.

“ಕಣ್ಣು ಸರಿಯಿಲ್ಲವಾ?”

“ಚೆನ್ನಾಗಿದೆ ಮೇಡಂ.”

“ಮತ್ತೆ?”

“ಮುಂದೆ ನೀವಿದೀರಿ.”

ಬಂದವರಲ್ಲೊಬ್ಬರು ಯಂತ್ರ ಕೈಕೊಟ್ಟಿತೇ ಎಂದು ಕೇಳಿದರು. ಡಾಕ್ಟರ್ ತಮ್ಮತ್ತ ನೆಟ್ಟಿದ್ದ ನಳಿಗೆಯನ್ನು ಮೊದಲ ಸಲ ಕಂಡವರಂತೆ ನೋಡಿದರು. ನಿಧಾನವಾಗಿ ಪಕ್ಕಕ್ಕೆ ಸರಿದರು.

“ಇಲ್ಲ” ಎಂದರು. “ಕೆಳಮನೆ ಒಪ್ಪಲಿಲ್ಲ.”

ಬಂದವರಿಗೆ ಅರ್ಥವಾಗಲಿಲ್ಲ. ಗೋಡೆಯ ಪರದೆಯಲ್ಲಿ ಆ ದಿನದ ಲೆಕ್ಕ ಬೆಳಗುತ್ತಿತ್ತು: ತಡೆದದ್ದು, ಸೊನ್ನೆ. ರತ್ನಮ್ಮನ ಬೆರಳು ತಾನೇ ನಿಂತದ್ದು, ಯಾವ ಗಾಜಿನ ಕಣ್ಣೂ ಇಲ್ಲದ ಕಾಲದಲ್ಲಿ, ಅಂದರೆ ಇದನ್ನು ಓದುತ್ತಿರುವ ಈ ದಿನ, ನಮ್ಮ ನಿಮ್ಮ ಕೈಯಲ್ಲೇ ಇರುವ ತಡೆ. ಅದನ್ನು ಎಣಿಸಲು ಅಲ್ಲಿ ಏನೂ ಇರಲಿಲ್ಲ.