ಬೆನ್ನ ಹಿಂದಿನ ಗಂಟು

ಭೀಮಣ್ಣನ ಹೆಣ ಸಿಕ್ಕಿದ್ದು ಬೆಳಗಿನ ಚಹಾದ ಹೊತ್ತಿಗೆ. ಪುಣೆ ಹತ್ತಿರದ ಚಿಂಚವಾಡದಲ್ಲಿ, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಕಾರ್ಖಾನೆಯೊಂದರ ಹಿಂದೆ, ಕೊಳಕು ನೀರಿನ ನೆಲತೊಟ್ಟಿಯಲ್ಲಿ. ತೊಟ್ಟಿಯ ಬಾಯಿಂದ ಕೊಳೆತ ಮೊಟ್ಟೆಯ ವಾಸನೆ ಇನ್ನೂ ಏಳುತ್ತಿತ್ತು. ಆ ಗಾಳಿ ಎಂಥ ಗಟ್ಟಿ ಆಳನ್ನೂ ಕ್ಷಣದಲ್ಲಿ ಕೆಡವುತ್ತದೆ. ಅಗ್ನಿಶಾಮಕದವರು ಮುಖವಾಡ ತೊಟ್ಟು ಹೆಣ ಎತ್ತಿದರು. ಜೊತೆಗೊಂದು ಹಳದಿ ಹೆಲ್ಮೆಟ್ಟೂ ಬಂತು. ಮೇಲೆ ಬರೆದ ಹೆಸರು ಚನ್ನವೀರ.

ಆ ಬೆಳಗಿನ ಪಾಳಿಯಲ್ಲಿ ಇದ್ದವರೇ ಮೂವರು. ಸತ್ತ ಭೀಮಣ್ಣ, ಕೆಲಸಗಾರ ಚನ್ನವೀರ, ಸೂಪರ್‌ವೈಸರ್ ಅನಂತರಾಮು.

“ನಿನ್ನೆ ಇಬ್ರೂ ಜಗಳ ಆಡಿದ್ರು ಮೇಡಂ,” ಎಂದರು ಮೈಸೂರಿನ ಅನಂತರಾಮು. “ನಾನು ಆಫೀಸ್ ಬಿಟ್ಟು ಕದಲಿಲ್ಲ. ಇವನೇ ತಳ್ಳಿರ್ಬೇಕು. ತಳ್ಳುವಾಗ್ಲೇ ಇವನ ಹೆಲ್ಮೆಟ್ ಒಳಗೆ ಬಿದ್ದಿದೆ.”

ಹವಾಲ್ದಾರ ಚನ್ನವೀರನ ಕೊರಳಪಟ್ಟಿ ಹಿಡಿದೇಬಿಟ್ಟ. ಇನ್‌ಸ್ಪೆಕ್ಟರ್ ನೀಲಿಮಾ ತಡೆದರು. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ.

“ಜಗಳ ಖರೇ ಅದರಿ,” ಚನ್ನವೀರ ಅಳುತ್ತ ಕೈಮುಗಿದ. “ಮಾತೂ ಬಿಟ್ಟಿದ್ವಿ. ಅದಕ್ಕ ಕೊಲ್ಲೂದೇನ್ರಿ? ಹೆಲ್ಮೆಟ್ ಮುಂಜಾನಿಂದ ಹುಡುಕಾಕತ್ತೇನ್ರಿ. ಮನ್ಯಾಗ ಹೆಂಡ್ತಿ ಬಾಣಂತಿ. ನನ್ನ ಒಳಗ ಹಾಕಬ್ಯಾಡ್ರಿ ಅಕ್ಕಾರ!”

“ಅಳಬ್ಯಾಡ. ಕೇಳಿದ್ದಕ್ಕ ಹೇಳು.”

* * *

ನೀಲಿಮಾ ಹೆಣದ ಪಕ್ಕ ಕೂತರು. ಭೀಮಣ್ಣನ ಮೂಗು, ಬಾಯಿಗೆ ಒದ್ದೆ ಟವೆಲ್ಲು ಬಿಗಿಯಾಗಿ ಕಟ್ಟಿತ್ತು. ಸೊಂಟಕ್ಕೆ ಹಗ್ಗ. ಗಂಟು ಬೆನ್ನ ಮೇಲೆ. ಹಗ್ಗದ ಇನ್ನೊಂದು ತುದಿಯೂ ತೊಟ್ಟಿಯೊಳಗೇ ಬಿದ್ದಿತ್ತು.

“ತಳ್ಳಿಸಿಕೊಳ್ಳಾವ ಮುಖಕ್ಕ ಟವೆಲ್ ಕಟಗೊಂಡು ನಿಂದರ್ತಾನೇನು?”

“ಇಲ್ರಿ,” ಎಂದ ಚನ್ನವೀರ. “ಇದು ಇಳಿಯೋರ ಕಟ್ಟು. ಒಳಗ ಯಾರರ ಬಿದ್ದಾಗ ಹಿಂಗ ಕಟ್ತೀವ್ರಿ.”

“ಗಂಟು ಹಿಂದ ಯಾಕ?”

“ಹಗ್ಗ ಹಿಡಿಯಾವನ ಹಾಕ್ತಾನ್ರಿ. ಇಳಿದಾವ ಗಾಬ್ರಿಯಾಗಿ ಬಿಚ್ಚಬಾರದಂತ. ನಮ್ಮ ರೂಢಿ.”

ಅಂದರೆ ಮೇಲೆ ಇನ್ನೊಬ್ಬ ನಿಂತಿದ್ದ. ಗಂಟು ಹಾಕಿದ. ಇಳಿಸಿದ. ಆಮೇಲೆ ಹಗ್ಗವನ್ನೇ ಕೈಬಿಟ್ಟ.

“ಮಗ ಹಾಚ್, ಮ್ಯಾಡಮ್!” ಹಾಗಾದರೆ ಇವನೇ ಎಂದು ಮರಾಠಿಯಲ್ಲಿ ಹೇಳುತ್ತ ಹವಾಲ್ದಾರ ಮತ್ತೆ ಮುಂದೆ ಬಂದ.

“ಅಲ್ಲ. ತೊಟ್ಟ್ಯಾಗ ಭೀಮಣ್ಣನ ಬಿಟ್ಟು ಯಾರೂ ಸಿಕ್ಕಿಲ್ಲ. ಯಾರೋ ಬಿದ್ದಾರಂತ ಭೀಮಣ್ಣನ್ನ ನಂಬಸಾಕ ಹೆಲ್ಮೆಟ್ ಒಗದಾರ. ಚನ್ನವೀರ ಬಿದ್ದಾನ ಅಂತ ಚನ್ನವೀರ ತಾನ ಎದುರಿಗೆ ನಿಂತು ಭೀಮಣ್ಣಗ ಹೇಳಾಕ ಆಗತದೇನು?” ನೀಲಿಮಾ ತಿರುಗಿದರು. “ಉಳಿದವರು ನೀವೊಬ್ಬರ, ಅನಂತರಾಮು.”

ಅನಂತರಾಮು ಒಪ್ಪಿಕೊಂಡರು. ತೊಟ್ಟಿಯ ವಿಷನೀರನ್ನು ಅವರು ಕದ್ದು ನದಿಗೆ ಬಿಡಿಸುತ್ತಿದ್ದರು. ಮಾಲಿನ್ಯ ಮಂಡಳಿಯವರಿಗೆ ಹೇಳುತ್ತೇನೆಂದು ಭೀಮಣ್ಣ ಪಟ್ಟು ಹಿಡಿದಿದ್ದ.

“ಅವನನ್ನ ತಳ್ಳೋ ಶಕ್ತಿ ನನಗೆಲ್ಲಿತ್ತು ಮೇಡಂ? ಆದ್ರೆ ಯಾರೋ ಬಿದ್ರು ಅಂದ್ರೆ ಇಳೀತಾನೆ ಅಂತ ಗೊತ್ತಿತ್ತು. ಹೋದ್ವರ್ಷ ಹಾಗೇ ಇಳಿದು ಒಬ್ಬನ್ನ ಎತ್ತಿದ್ದ.”

ಚನ್ನವೀರನ ದನಿ ಸಣ್ಣಗಾಯಿತು. “ಬಿದ್ದಾವ ನಾನು ಅಂತ ಗೊತ್ತಾಗಿಯೂ ಇಳದನೇನ್ರಿ?”

ಅನಂತರಾಮು ತಲೆ ಎತ್ತಲಿಲ್ಲ. “ನಿನ್ ಹೆಸರು ನನ್ ಬಾಯಲ್ಲೇ ಉಳೀತು ಕಣೋ. ಹೆಲ್ಮೆಟ್ ತೋರ್ಸೋಣ ಅಂತ ಬಗ್ಗೋದ್ರೊಳಗೆ ನನಗೆ ಬೆನ್ನು ಕೊಟ್ಟು ನಿಂತ್ಬಿಟ್ಟ. ‘ಲಗೂನ ಕಟ್ರಿ ಸಾಹೇಬ್ರ’ ಅಂದ. ಬಿದ್ದೋನು ಯಾರು ಅಂತ ಕೇಳಲೇ ಇಲ್ಲ.”