ಗುಂಡನ ಹೊಟ್ಟೆಯಲ್ಲಿದ್ದ ಉಂಗುರ

ಸ್ನಾನದ ಮನೆಯ ಕಿಟಕಿಯಲ್ಲಿಟ್ಟಿದ್ದ ಉಂಗುರ ಮಾಯವಾಗಿತ್ತು.

ದೊಡ್ಡಮೇಡಂ ಒದ್ದೆ ಕೂದಲಲ್ಲೇ ಮನೆಯಿಡೀ ಹುಡುಕಿದರು. ಹೆಡ್‌ಮಿಸ್ ಆಗಿ ನಿವೃತ್ತರಾದ ಅವರಿಗೆ ತೀರಿಕೊಂಡ ಗಂಡನ ನೆನಪಾಗಿ ಉಳಿದಿದ್ದು ಆ ನುಣುಪಾದ ಚಿನ್ನದ ಉಂಗುರವೊಂದೇ.

"ಗುಂಡ ನುಂಗಿಬಿಟ್ಟ ಮೇಡಂ. ತಡೆಯೋಷ್ಟರಲ್ಲಿ ಗುಳುಂ ಅನಿಸಿಬಿಟ್ಟ" ಎಂದಳು ಅವರ ಮಂಡಿನೋವಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ.

ಯಾರೂ ಅನುಮಾನಿಸಲಿಲ್ಲ. ಗುಂಡ ಲ್ಯಾಬ್ರಡಾರ್ ನಾಯಿ. ಕಾಲುಚೀಲ, ಬಾಟಲಿ ಮುಚ್ಚಳ, ಒಮ್ಮೆ ಅರ್ಧ ಚಪ್ಪಲಿ, ಎಲ್ಲವೂ ಅದರ ಹೊಟ್ಟೆ ಕಂಡು ಬಂದಿದ್ದವು.

"ನನ್ನ ತಂಗಿ ಹತ್ರ ಕರ್ಕೊಂಡು ಹೋಗೋಣ" ಎಂದಳು ಫಿಸಿಯೋ. "ಈಗಷ್ಟೇ ಪ್ರಾಣಿಗಳ ಡಾಕ್ಟರಾಗಿದಾಳೆ."

*

ತಂಗಿ ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದಳು. ಹೊಟ್ಟೆಯ ನಡುವೆ ಬೆಳ್ಳನೆಯ ಪುಟ್ಟ ಬಳೆಯಂಥದ್ದೊಂದು.

"ಅಲ್ಲೇ ಇದೆ" ಎಂದಳು.

"ಹೊಟ್ಟೆ ಕುಯ್ದಾದ್ರೂ ಇವತ್ತೇ ತೆಗೀರಿ" ಎಂದ ಮೇಡಂ ಅವರ ಸೋದರಳಿಯ. ಹಾರ್ಡ್‌ವೇರ್ ಅಂಗಡಿ ಅವನದು. ಮಾತು ಸ್ವಲ್ಪ ಒರಟು.

"ಕುಯ್ಯೋದು ಬೇಡ. ಮೊದಲು ವಾಂತಿ ಮಾಡಿಸಿ ನೋಡೋಣ."

ಫಿಸಿಯೋ ಅಕ್ಕ ತಂಗಿಯ ಭುಜದ ಮೇಲೆ ಕೈಯಿಟ್ಟಳು. "ಬೇಡ ಪುಟ್ಟಿ. ಹೋದ ಸಲ ಬೇರೆ ಕಡೆ ವಾಂತಿ ಮಾಡಿಸಿದಾಗ ಉಸಿರುಕಟ್ಟಿ ಒದ್ದಾಡಿಬಿಟ್ಟ. ನುಣ್ಣಗಿರೋ ಉಂಗುರ ತಾನಾಗೇ ಆಚೆ ಬರುತ್ತೆ. ನೀನೇ ಹೇಳ್ತಿರ್ತೀಯಲ್ಲ."

ನಿಜ. ಊಟಕ್ಕೆ ಕೂತಾಗೆಲ್ಲ ಆಸ್ಪತ್ರೆಯ ಕಥೆ ಹೇಳುವುದು ತಂಗಿಯ ಅಭ್ಯಾಸ. ತಾಯಿಯಿಲ್ಲದ ಮನೆಯಲ್ಲಿ ಅವಳಿಗೆ ಜಡೆ ಹಾಕಿ, ಪಾಠ ಒಪ್ಪಿಸಿಕೊಂಡು, ಡಾಕ್ಟರ್ ಮಾಡಿದವಳೇ ಅಕ್ಕ. ಅವಳ ಮಾತು ತೆಗೆದುಹಾಕುವುದುಂಟೇ? ಕಾಯೋಣವೆಂದು ಹೇಳಿ ಗುಂಡನನ್ನು ಮನೆಗೆ ಕಳಿಸಿದಳು.

*

ಮೂರನೆಯ ದಿನ ಗುಂಡನನ್ನು ಹೊತ್ತು ತರಬೇಕಾಯಿತು.

ತಂಗಿ ತುಟಿ ಎತ್ತಿ ನೋಡಿದಳು. ಒಸಡು ಬಿಳುಚಿ ಹಳದಿಗೆ ತಿರುಗಿತ್ತು. ಮೂತ್ರ ಕರಿ ಕಾಫಿಯಂತಿತ್ತು. ಮೈಯೊಳಗೇ ರಕ್ತಕಣಗಳು ಒಡೆಯುತ್ತಿವೆ.

"ಅಕ್ಕ, ಇವನು ಬೇರೆ ಏನಾದ್ರೂ ತಿಂದಿದಾನಾ? ಸರಿಯಾಗಿ ನೆನಪು ಮಾಡ್ಕೋ. ಸಾಯ್ತಿದಾನೆ."

"ಇಲ್ಲ ಕಣೆ. ಉಂಗುರ ಒಂದೇ."

ಮತ್ತೊಂದು ಎಕ್ಸ್-ರೇ ತೆಗೆದಳು. ಬಳೆ ಕದಲಿರಲಿಲ್ಲ. ಆದರೆ ಅದರ ಅಂಚು ಇಲಿ ಕಡಿದಂತೆ ಅಲ್ಲಲ್ಲಿ ಸವೆದಿತ್ತು.

ಅವಳು ಹಾಳೆಯನ್ನೇ ದಿಟ್ಟಿಸಿದಳು. ಹೊಟ್ಟೆಯ ಆಮ್ಲಕ್ಕೆ ಚಿನ್ನ ಜಗ್ಗುವುದಿಲ್ಲ. ಸವೆಯುವುದು ಸತು. ಸವೆದ ಸತು ನಾಯಿಯ ರಕ್ತಕ್ಕೆ ವಿಷ.

ಆಸ್ಪತ್ರೆಯ ಹಿರಿಯ ಡಾಕ್ಟರ್ ತಮ್ಮ ನಾಯಿಯನ್ನೇ ತಂದು ರಕ್ತ ಕೊಡಿಸಿದರು. ತಂಗಿ ಗುಂಡನಿಗೆ ಮಂಪರು ಕೊಟ್ಟು, ತುದಿಗೆ ಕ್ಯಾಮೆರಾ ಇದ್ದ ಕೊಳವೆಯನ್ನು ಗಂಟಲಿನಿಂದ ಇಳಿಸಿದಳು. ಬಳೆ ಚಿಮಟಕ್ಕೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು.

ತಟ್ಟೆಗೆ ಬಿದ್ದದ್ದು ಕಪ್ಪಾದ ಒಂದು ಸತುವಿನ ವಾಷರ್. ನಲ್ಲಿ, ನಟ್ಟು, ಬೋಲ್ಟುಗಳಿಗೆ ಹಾಕುವಂಥದ್ದು. ಅದಕ್ಕೆ ನೀಲಿ ಬಟ್ಟೆಯ ತುಣುಕೊಂದು ಅಂಟಿಕೊಂಡಿತ್ತು.

*

ವಾಷರ್ ಎಂದರೆ ಹಾರ್ಡ್‌ವೇರ್. ತಂಗಿ ನೇರ ಸೋದರಳಿಯನ ಅಂಗಡಿಗೆ ಹೋಗಿ ಅದನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

"ನನ್ನ ಅಂಗಡಿದೇ ಇರಬಹುದು" ಎಂದ ಅವನು. "ಈ ಬೀದಿಗೆಲ್ಲ ನಾನೇ ಮಾರೋದು. ಅದಕ್ಕೆ?"

"ಉಂಗುರ ನುಂಗಿದ ಹಾಗೆ ಕಾಣಲಿ ಅಂತ ಯಾರೋ ಇದನ್ನ ತಿನ್ನಿಸಿದಾರೆ."

ಅವನ ಮುಖ ಕೆಂಪಾಯಿತು. "ಉಂಗುರನ ನನ್ನ ಹೆಂಡ್ತಿ ಆಗೋಳಿಗೇ ಕೊಡ್ತಾರಂತೆ, ಅತ್ತೆ ಹೋದ ವಾರ ಎಲ್ಲರ ಮುಂದೆ ಹೇಳಿದಾರೆ. ಮನೆಗೆ ಬರೋದನ್ನ ನಾನ್ಯಾಕೆ ಕದೀಲಿ? ಅವತ್ತೇ ಹೊಟ್ಟೆ ಕುಯ್ಯಿ ಅಂದವನೂ ನಾನೇ. ವಾಂತಿ ಮಾಡಿಸೋದೂ ಬೇಡ ಅಂದಿದ್ದು ಯಾರು, ನೀವೇ ಯೋಚನೆ ಮಾಡಿ."

ತಂಗಿ ಅಲ್ಲಿಂದ ಹೊರಟವಳು ದಾರಿಯುದ್ದಕ್ಕೂ ಬೇರೆ ಯಾರದಾದರೂ ಮುಖ ನೆನಪಾಗಲಿ ಎಂದು ತಡಕಾಡಿದಳು. ಆಗಲಿಲ್ಲ.

*

ದೊಡ್ಡಮೇಡಂ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಅಕ್ಕ ಅವರ ಮಂಡಿಗೆ ನೀಲಿ ಬಟ್ಟೆಪಟ್ಟಿ ಅಂಟಿಸುತ್ತಿದ್ದಳು.

ತಂಗಿ ವಾಷರನ್ನು ಮೇಜಿನ ಮೇಲಿಟ್ಟಳು. ಅಕ್ಕನ ಕೈ ನಿಂತಿತು.

"ಮೇಡಂ, ಗುಂಡ ಉಂಗುರ ನುಂಗಿರಲಿಲ್ಲ. ಅವನಿಗೆ ತಿನ್ನಿಸಿದ್ದು ಇದನ್ನ. ಎಕ್ಸ್-ರೇಯಲ್ಲಿ ಚಿನ್ನವೂ ವಾಷರೂ ಒಂದೇ ಥರ ಬೆಳ್ಳಗೆ ಕಾಣುತ್ತೆ. ಆಕಾರ ಮಾತ್ರ ಗೊತ್ತಾಗೋದು. ಅದು ತಿಳಿದಿರೋರೇ ಮಾಡಿದ ಕೆಲಸ."

"ಯಾರಮ್ಮ?"

"ನುಂಗಿದ್ದನ್ನ ನೋಡಿದೆ ಅಂದವರು ಒಬ್ಬರೇ. ವಾಂತಿ ಮಾಡಿಸಬೇಡ ಅಂದವರೂ ಅವರೇ. ಕಾದರೆ ಈ ವಾಷರ್ ಎಲ್ಲೋ ಹುಲ್ಲಿನಲ್ಲಿ ಬಿದ್ದುಹೋಗ್ತಿತ್ತು, ಉಂಗುರವೂ ಹಾಗೇ ಹೋಯ್ತು ಅಂತ ನೀವು ಸುಮ್ಮನಾಗ್ತಿದ್ರಿ." ಅವಳು ನೀಲಿ ತುಣುಕನ್ನು ಮುಂದಿಟ್ಟಳು. "ಗಂಟಲು ಗೀಚದಿರಲಿ ಅಂತ ಇದನ್ನ ಸುತ್ತಿದ್ರು. ಮೂಲೆ ನೋಡಿ, ದುಂಡಗೆ ಕತ್ತರಿಸಿದೆ. ಪಟ್ಟಿ ಬೇಗ ಏಳಬಾರದು ಅಂತ ಫಿಸಿಯೋಗಳು ಹೀಗೆ ಕತ್ತರಿಸ್ತಾರೆ."

ಮೇಡಂ ತಮ್ಮ ಮಂಡಿಯತ್ತ ನೋಡಿಕೊಂಡರು. ಅಲ್ಲಿಯೂ ಅದೇ ನೀಲಿ, ಅದೇ ದುಂಡು ಮೂಲೆ.

ಅಕ್ಕ ಚೀಲದ ಒಳಜೇಬಿನಿಂದ ಉಂಗುರ ತೆಗೆದು ಹಾಸಿಗೆಯ ಮೇಲಿಟ್ಟಳು.

"ಇದು ನಿನಗೇ ಅಂತ ಅಂದಿದ್ರಿ ಮೇಡಂ" ಎಂದಳು. "ನೀವು ಮಂಚ ಬಿಟ್ಟು ಏಳಲಾರದೆ ಇದ್ದಾಗ. ನಡೆಯೋ ಹಾಗಾದ ಮೇಲೆ ಮರೆತುಬಿಟ್ರಿ."

ಮೇಡಂ ಉಂಗುರವನ್ನು ಬೆರಳಿಗೆ ಹಾಕಿಕೊಂಡರು. "ನಾಳೆಯಿಂದ ಬರಬೇಡ" ಎಂದರು. ಪೊಲೀಸರ ಮಾತೆತ್ತಲಿಲ್ಲ.

*

ಗೇಟಿನ ಬಳಿ ಅಕ್ಕ ನಿಂತಳು.

"ವಾಷರ್ ವಿಷ ಆಗುತ್ತೆ ಅಂತ ನನಗೆ ಗೊತ್ತಿರಲಿಲ್ಲ ಪುಟ್ಟಿ. ನಿನ್ನಾಣೆ."

"ಗೊತ್ತಿರಲಿಲ್ಲ ಅಂತ ನನಗೂ ಗೊತ್ತು."

"ಹಾಗಾದ್ರೆ ನನ್ನೊಬ್ಬಳನ್ನೇ ಕರೆದು ಕೇಳಬಹುದಿತ್ತು. ಅವರ ಮುಂದೆ ಯಾಕೆ ಮಾನ ತೆಗೆದೆ?"

"ಕೇಳಿದ್ದೆ" ಎಂದಳು ತಂಗಿ. "ಬೇರೆ ಏನಾದ್ರೂ ತಿಂದಿದಾನಾ ಅಂತ. ಅವನು ನನ್ನ ಮೇಜಿನ ಮೇಲೆ ಸಾಯ್ತಿದ್ದ. ನೀನು ನನ್ನ ಕಣ್ಣು ನೋಡ್ಕೊಂಡೇ 'ಇಲ್ಲ' ಅಂದೆ."

ಅಕ್ಕ ಚೀಲವನ್ನು ಹೆಗಲಿಗೇರಿಸಿಕೊಂಡಳು. ತಂಗಿ ಗುಂಡನಿಗೆ ಹಾಕಿದ್ದ ಗ್ಲೂಕೋಸ್ ಬದಲಿಸಬೇಕಿತ್ತೆಂದು ಆಸ್ಪತ್ರೆಯ ದಾರಿ ಹಿಡಿದಳು.